ಒಂದು ತೂತು ಒಳಗೆ

ಟ್ರಾಯ್, ಜುಲೈ 2003

ಅಲೀಮ್,

ಡೆಟ್ರಾಯಿಟ್ ನದಿ ದಂಡೆಯ ಹಳೇ ದೋಣಿಗಳ ಮೇಳದಲ್ಲಿ ಇವತ್ತು ನಮ್ಮ ಹಳದಿ ಟನಲ್ ಬೋಟ್ ಸಿಕ್ಕಿತು. ಎಪ್ಪತ್ತಾರರಲ್ಲಿ ನಾನು ಓಡಿಸಿದ, ನೀನು ಇಂಜಿನ್ ನೋಡಿಕೊಂಡ ಅದೇ ದೋಣಿ. ಆಗ ಅಂಥ ರೇಸ್ ದೋಣಿಗಳು ಹೊಸತು. ತಳದ ಸುರಂಗಕ್ಕೆ ಗಾಳಿ ನುಗ್ಗಿ ದೋಣಿಯನ್ನು ನೀರಿನಿಂದ ಎತ್ತುತ್ತಿತ್ತು, ಓಡಿಸುವವನ ತಲೆಯ ಮೇಲೆ ಮುಚ್ಚಳವೂ ಇರಲಿಲ್ಲ. ನನ್ನ ಹಾಗೆ ತಿರುವು ತೆಗೆದುಕೊಳ್ಳುವವರು ಈ ನದಿಯಲ್ಲಿ ಯಾರೂ ಇರಲಿಲ್ಲ. ಅದನ್ನು ನೀನೂ ಒಪ್ಪುತ್ತಿದ್ದೆ.

ಕೊನೆಯ ರೇಸಿನಲ್ಲಿ ನೀನು ನನಗೆ ಹೇಳದೆ, ಇಂಜಿನ್ನಿನ ಓರೆಯನ್ನು ಹಿಡಿದಿಡುವ ಪಿನ್ನನ್ನು ಒಂದು ತೂತು ಒಳಗೆ ಹಾಕಿದೆ. ದೋಣಿಯ ಮೂತಿ ನೀರಿನಿಂದ ಏಳಲೇ ಇಲ್ಲ, ವೇಗ ಸಿಗದೆ ಎರಡನೆಯವನಾಗಿ ಬಂದೆ. "ಗಾಳಿ ಭಾಳ ಐತಿ ಬದರಿ. ಬೋಟ್ ಮಗಚಿ ಬಿದ್ದಿದ್ರ ಏನ್ ಮಾಡ್ತಿದ್ದಿ?" ಎಂದು ನೀನು ಕೇಳಿದೆ. ನಾನು ಎಲ್ಲರೆದುರು ನಿನ್ನನ್ನು ಹೇಡಿ ಎಂದೆ. ಆಮೇಲೆ ಮಾತಿಲ್ಲ. ಹೋದ ವರ್ಷ ನಿನ್ನ ಮಣ್ಣಿಗೂ ಬರಲಿಲ್ಲ. ನೀನಿದ್ದ ವುಡ್‌ರಿಡ್ಜ್ ಇಲ್ಲಿಂದ ಮುನ್ನೂರು ಮೈಲಿ, ಆಫೀಸಿನಲ್ಲಿ ಕೆಲಸವಿತ್ತು.

ನನ್ನ ಮಗಳು ಇಂಚರ ಈಗ ರೇಸ್ ಬೋಟ್ ಓಡಿಸುತ್ತಾಳೆ, ನನ್ನದೇ ಕೈ. ಇಂದು ಹಳದಿ ದೋಣಿಯಲ್ಲಿ ಒಂದು ಸುತ್ತು ಹೋಗಲು ಅದರ ಮಾಲೀಕರನ್ನು ಒಪ್ಪಿಸಿದಳು. ಅವಳು ಹೆಲ್ಮೆಟ್ ಹಾಕಿಕೊಳ್ಳುವಷ್ಟರಲ್ಲಿ ನದಿಯ ಮೇಲೆ ಗಾಳಿ ಎದ್ದಿತು. ನಾನು ದೋಣಿಯ ಹಿಂದಕ್ಕೆ ಹೋಗಿ, ಯಾರಿಗೂ ಹೇಳದೆ, ಪಿನ್ನನ್ನು ಒಂದು ತೂತು ಒಳಗೆ ಹಾಕಿದೆ.

ವಾಪಸು ಬಂದವಳು ಕೆಂಡವಾಗಿದ್ದಳು. "ಡ್ಯಾಡ್, ಹೂ ಟಚ್ಡ್ ದ ಪಿನ್?"

"ಅಲೀಮ್ ಅಂಕಲ್," ಎಂದೆ.

"ಯಾರದು?" ಎಂದಳು.

ನಿನ್ನ ಹೆಸರನ್ನು ಅವಳು ಕೇಳಿದ್ದು ಅದೇ ಮೊದಲು.

ಬದರಿ