ಹರಿಯದ ಅಂಗಿಯ ತೇಪೆ

ನಗರಸಭೆಯ ಮಾನ್ಯ ಅಧ್ಯಕ್ಷರೇ,

ಪ್ರಚಾರದ ದಿನಗಳಲ್ಲಿ ತಾವು ತೊಟ್ಟು ತಿರುಗಿದ, ಬಲ ಮೊಣಕೈಗೆ ತೇಪೆ ಇದ್ದ ಅಂಗಿ ಒಂದು ಸುಳ್ಳು. ಇದನ್ನು ಈ ಬಹಿರಂಗ ಪತ್ರದಲ್ಲಿ ಊರಿಗೆಲ್ಲ ಹೇಳುವ ಹಕ್ಕು ನನಗಿದೆ, ಏಕೆಂದರೆ ಆ ಸುಳ್ಳನ್ನು ಹೊಲಿದವನು ನಾನೇ.

ತಮಗೆ ನೆನಪಿರಬೇಕು. ಹೊಸ ಬಟ್ಟೆಯಲ್ಲಿ ಏಳು ಅಂಗಿ ಹೊಲಿಸಿದಿರಿ. ಏಳಕ್ಕೂ ಒಂದೇ ಬಣ್ಣ, ಒಂದೇ ಜಾಗದಲ್ಲಿ ಒಂದೇ ತೇಪೆ. ದಿನಕ್ಕೊಂದು ಒಗೆದ ಅಂಗಿ ತೊಡಬೇಕು, ಜನರ ಕಣ್ಣಿಗೆ ಮಾತ್ರ ‘ಪಾಪ, ಇರುವುದೊಂದೇ ಅಂಗಿ’ ಎಂದು ಕಾಣಬೇಕು. “ನಾನೂ ಅವರ ಥರಾನೇ ಅಂತ ಜನಕ್ಕೆ ಅನ್ನಿಸ್ಬೇಕು ಕಣಯ್ಯಾ,” ಎಂದಿರಿ. ನಾನು ಟೇಪು ಹಿಡಿದು ತಮ್ಮ ವಿನಯದ ಅಳತೆ ತೆಗೆದೆ: ಭುಜದಿಂದ ಹದಿಮೂರು ಇಂಚು ಕೆಳಗೆ. ಕೆಲಸ ಅಚ್ಚುಕಟ್ಟಾಗಿ ಬಂತೆಂದು ಹೆಮ್ಮೆ ಬೇರೆ ಪಟ್ಟೆ. ಈಗ ನೆನೆದರೆ ಮುಖ ಎಲ್ಲಿಟ್ಟುಕೊಳ್ಳಲಿ ಅನ್ನಿಸುತ್ತದೆ.

ತುಂಬಿದ ಕೊಡ ತುಳುಕುವುದಿಲ್ಲ ಎನ್ನುತ್ತಾರೆ. ಖಾಲಿ ಕೊಡವೂ ತುಳುಕುವುದಿಲ್ಲ ಎಂಬುದನ್ನು ತಾವು ಕಂಡುಹಿಡಿದಿರಿ. ನೆಟ್ಟಗಿನ ಅಂಗಿ ತೊಟ್ಟು, ‘ನನಗೆ ಇಷ್ಟು ಗೊತ್ತು, ಇಷ್ಟು ಗೊತ್ತಿಲ್ಲ’ ಎಂದು ಮತ ಕೇಳಿದ್ದರೆ ಬೇಡ ಅನ್ನುತ್ತಿದ್ದವರು ಯಾರು ಸ್ವಾಮಿ? ಅದಲ್ಲವೇ ವಿನಯ? ತೇಪೆ ನಮಗೆ ಶೋಕಿಯಲ್ಲ. ಅದು ಕಾಣದಿರಲೆಂದು ತೋಳು ಮಡಚಿ ಓಡಾಡುವವರು ನಾವು.

ಮತ ಕೇಳಲು ತಾವು ನಮ್ಮ ಮನೆಗೂ ಬಂದು ಅಮ್ಮನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತಿರಿ. ತೇಪೆಯ ಒಂದು ಮೂಲೆ ಬಿಟ್ಟಿತ್ತು. ನನಗೆ ಸೂಜಿ ಹಿಡಿಯಲು ಕಲಿಸಿದವಳು ಅವಳು. ಬಿಟ್ಟ ಹೊಲಿಗೆ ಕಂಡರೆ ಸುಮ್ಮನಿರಲಾರಳು. “ಕೈ ಇತ್ತ ಕೊಡಪ್ಪ,” ಎಂದು ಸೂಜಿದಾರ ತೆಗೆದಳು. ಬೆರಳು ತೇಪೆಯ ಅಡಿಗೆ ಹೋಯಿತು.

“ಒಳಗೆ ಹರಿದೇ ಇಲ್ವಲ್ಲಪ್ಪ.”

ತಾವು ನಕ್ಕಿರಿ. ಬಾಯಿ ಹಾಕಿದವನು ನಾನು: “ಮುಂದೆ ಹರೀಬಾರ್ದು ಅಂತ ಮೊದ್ಲೇ ಹಾಕಿರ್ತಾರೆ ಕಣಮ್ಮ.”

ಅವಳು ಹೊಲಿಗೆಯನ್ನು ತಡವಿ ನೋಡಿದಳು. ಮೂಲೆಯಲ್ಲಿ ದಾರವನ್ನು ಎರಡು ಸಲ ಹಿಂದಕ್ಕೆ ತಂದು ಗಂಟು ಹಾಕುವುದು ನಮ್ಮ ಮನೆಯ ಕೈ, ಅವಳೇ ಕಲಿಸಿದ್ದು. ಒಮ್ಮೆ ನನ್ನ ಮುಖ ನೋಡಿದಳು. ಬಂದವರೆದುರು ಮಗನ ಮಾನ ಹೋಗಬಾರದೆಂದು ಬಿಟ್ಟಿದ್ದ ಮೂಲೆಯನ್ನು ಹೊಲಿದು ಕಳಿಸಿದಳು.

ತಾವು ಗೆದ್ದಿರಿ. ಈಗ ಅರ್ಜಿ ಹಿಡಿದು ಬಂದವರಿಗೆ ತಮ್ಮ ಕೋಣೆಯಲ್ಲಿ ಕುರ್ಚಿ ಇಲ್ಲವಂತೆ. ನನ್ನ ಮನೆಯಲ್ಲಿ ಆಗಿರುವುದು ಬೇರೆ. ಅಮ್ಮ ತನ್ನ ಬಟ್ಟೆಯನ್ನು ನನ್ನ ಕೈಗೆ ಕೊಡುವುದಿಲ್ಲ. ಕಣ್ಣು ಸರಿಯಾಗಿ ಕಾಣದಿದ್ದರೂ ಕಿಟಕಿಯ ಬಳಿ ಕೂತು ತಾನೇ ಹೊಲಿದುಕೊಳ್ಳುತ್ತಾಳೆ. ಕೊಡಮ್ಮ ಎಂದರೆ, “ಬೇಡ ಬಿಡು, ಇದು ನಿಜವಾಗ್ಲೂ ಹರಿದಿದೆ,” ಎನ್ನುತ್ತಾಳೆ.

ಆದ್ದರಿಂದ ತಾವು ಏಳೂ ಅಂಗಿಗಳನ್ನು ನನ್ನ ಅಂಗಡಿಗೆ ಕಳಿಸಿಕೊಡಿ, ತೇಪೆ ನಾನೇ ಬಿಚ್ಚಿಕೊಡುತ್ತೇನೆ. ಅದರಲ್ಲೊಂದನ್ನು ತೊಟ್ಟು ಮನೆಗೆ ಬನ್ನಿ. ನೆಲದ ಮೇಲೆ ಕೂರುವುದು ಬೇಡ, ಕುರ್ಚಿ ಕೊಡುತ್ತೇವೆ. ಅಮ್ಮನಿಗೆ ನಿಜ ಹೇಳಿ. ಪಕ್ಕದಲ್ಲಿ ನಾನೂ ನಿಂತಿರುತ್ತೇನೆ. ಅವಳೊಬ್ಬಳಿಗೆ ಹೇಳಲಾಗದೆ ಊರಿಗೆಲ್ಲ ಹೇಳಿದ್ದೇನೆ.

ಇಂತಿ,
ತಲೆ ತಗ್ಗಿಸಿಯೇ ಹೊಲಿಯುತ್ತಿದ್ದು, ಈಗ ಎತ್ತಲೂ ಆಗದ
ತಮ್ಮ ದರ್ಜಿ