ಕರಿಯಣ್ಣನವರ ಬೆಂಚು ನಿಮ್ಮ ಪಡಸಾಲೆಯಲ್ಲಿದೆ

ಅಂಗಡಿ, ಹೋಟೆಲುಗಳಿಗೆ ಪರವಾನಗಿ ಕೊಡುವ, ಫುಟ್‌ಪಾತ್ ತೆರವು ಮಾಡಿಸುವ ಮಾನ್ಯ ಅಧಿಕಾರಿಗಳೇ,

ನಿಮ್ಮ ಕಚೇರಿಯ ಪಡಸಾಲೆಯಲ್ಲಿ ಅಹವಾಲು ಹೊತ್ತು ಬಂದವರನ್ನು ಕೂರಿಸುತ್ತೀರಲ್ಲ, ಆ ಮರದ ಬೆಂಚು ನಿಮ್ಮದಲ್ಲ. ದುರ್ಗಿಗುಡಿಯಲ್ಲಿ ಆರು ಟೇಬಲ್ಲಿನ ದೋಸೆ ಹೋಟೆಲ್ ನಡೆಸುವ ಕರಿಯಣ್ಣನವರದು. ಒತ್ತುವರಿ ಎಂದು ನಿಮ್ಮ ಸಿಬ್ಬಂದಿ ಹೋದ ಶುಕ್ರವಾರ ಅದನ್ನು ಲಾರಿಗೆ ಹಾಕಿಕೊಂಡು ಹೋದರು. ಅದರ ಎರಡು ಕಾಲು ಹೋಟೆಲಿನ ಜಾಗದಲ್ಲಿ, ಇನ್ನೆರಡು ಫುಟ್‌ಪಾತ್ ಮೇಲೆ ಇದ್ದದ್ದು ನಿಜ. ಅದೇ ಫುಟ್‌ಪಾತ್ ಮೇಲೆ ಸಾಲಾಗಿ ನಿಂತಿದ್ದ ಹನ್ನೊಂದು ಬೈಕುಗಳು ಮಾತ್ರ ಯಾರ ಕಣ್ಣಿಗೂ ಬೀಳಲಿಲ್ಲ. ಚಕ್ರವಿದ್ದರೆ ಕ್ಷಮೆ, ಕಾಲಿದ್ದರೆ ಶಿಕ್ಷೆಯೇ?

ನಾನು ಭದ್ರಾವತಿಯವಳು, ನಿವೃತ್ತ ಶಿಕ್ಷಕಿ. ಮೂವತ್ತು ವರ್ಷ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ ಪಾಪಕ್ಕೋ ಏನೋ, ಹೋದ ವರ್ಷ ಒಂದು ಮಂಡಿಯನ್ನೇ ಬದಲಿಸಬೇಕಾಯಿತು. ಪ್ರತಿ ಶನಿವಾರ ಫಿಸಿಯೋಥೆರಪಿಗೆ ಶಿವಮೊಗ್ಗಕ್ಕೆ ಬರುತ್ತೇನೆ. ಮುಗಿದ ಮೇಲೆ ಕರಿಯಣ್ಣನವರಲ್ಲಿ ದೋಸೆ. ಮೊದಮೊದಲು ಜಾಗ ಸಿಗುವವರೆಗೆ ಮೆಟ್ಟಿಲ ಮೇಲೆ ಕೂತು, ಏಳುವಾಗ ಕಂಬ ಹಿಡಿದು ಒದ್ದಾಡುತ್ತಿದ್ದೆ. ಅದನ್ನು ನೋಡಿ ಅವರು ಬಡಗಿಯನ್ನು ಕರೆಸಿ, ನನ್ನನ್ನೇ ಕುರ್ಚಿಯಲ್ಲಿ ಕೂರಿಸಿ ಅಳತೆ ತೆಗೆಸಿ ಈ ಬೆಂಚು ಮಾಡಿಸಿದರು. ಮಂಡಿ ಹೆಚ್ಚು ಮಡಿಸಬೇಕಿಲ್ಲದಷ್ಟು ಎತ್ತರ, ಊರಿ ಏಳಲು ಎರಡೂ ಕಡೆ ಕೈ, ಬೆನ್ನಿಗೆ ಹಲಗೆ, ಪಕ್ಕದಲ್ಲೊಂದು ನೀರಿನ ಹೂಜಿ. ದೊಡ್ಡ ಬಟ್ಟೆ ಅಂಗಡಿಗಳ ಸೋಫಾದಲ್ಲಿ ಕೂತರೆ ನನ್ನನ್ನು ಎಬ್ಬಿಸಲು ಇಬ್ಬರು ಬೇಕು. ಮೆತ್ತಗಿದ್ದ ಮಾತ್ರಕ್ಕೆ ಆರಾಮವಲ್ಲ ಎಂಬುದು ದೋಸೆ ಹುಯ್ಯುವವರಿಗೆ ಗೊತ್ತಿತ್ತು.

ಹೋದ ಶನಿವಾರ ಹೋದರೆ ಬೆಂಚಿಲ್ಲ. ಇನ್ನೇನು ಮಾಡುವುದು? ನಮ್ಮ ಕಡೆಯ ಪದ್ಧತಿಯಂತೆ, ತಿನ್ನುತ್ತಿದ್ದ ಒಬ್ಬ ಯುವಕನ ಕುರ್ಚಿಯ ಹಿಂದೆ ಪರೀಕ್ಷೆಯ ಮೇಲ್ವಿಚಾರಕಿಯ ಹಾಗೆ ನಿಂತೆ. ಎರಡು ತುತ್ತು ತಿಂದು ಅವನು ತಿರುಗಿದ.

“ಮೇಡಂ, ನೀವು ಹಿಂದೆ ನಿಂತ್ರೆ ನಂಗೆ ದೋಸೆ ಒಳಗೆ ಇಳಿಯಲ್ಲ. ನೀವೇ ಕೂತ್ಕೊಳ್ಳಿ.”

ತಟ್ಟೆ ಹಿಡಿದು ಕೈತೊಳೆಯುವ ಬೇಸಿನ್ ಪಕ್ಕ ನಿಂತು ತಿಂದ. ನಾನು ಕೂತೆ. ನಾಚಿಕೆಗೆ ನನಗೂ ದೋಸೆ ಇಳಿಯಲಿಲ್ಲ.

ಸೋಮವಾರ ನಿಮ್ಮ ಕಚೇರಿಗೆ ಬಂದೆ. “ಸಾಹೇಬ್ರು ಮೀಟಿಂಗಲ್ಲಿದಾರೆ, ಅಲ್ಲಿ ಕೂತಿರಿ ಅಮ್ಮ” ಎಂದು ಗುಮಾಸ್ತರು ತೋರಿಸಿದ್ದು ಆ ಬೆಂಚನ್ನೇ! ಬೆನ್ನಿನ ಹಲಗೆಯ ಮೇಲೆ ಹೋಟೆಲಿನ ಹೆಸರು ಹಾಗೆಯೇ ಇತ್ತು. ಎರಡು ಗಂಟೆ ಕೂತೆ. ತಾವು ಸಿಗಲಿಲ್ಲ. ಆದರೆ ಸುಳ್ಳು ಹೇಳಬಾರದು, ಬಲು ಹಿತವಾಗಿತ್ತು. ಪಕ್ಕದಲ್ಲಿ ಕೂತಿದ್ದ ಮಲವಗೊಪ್ಪದ ತುಂಬು ಗರ್ಭಿಣಿಯೊಬ್ಬಳು, “ಈ ಆಫೀಸಲ್ಲಿ ಸರಿಯಾಗಿರೋದು ಇದೊಂದೇ ನೋಡಿ” ಎಂದಳು.

ಅಲ್ಲಿಂದ ನೇರ ಹೋಟೆಲಿಗೆ ಹೋಗಿ, ಬೆಂಚು ಸಿಕ್ಕಿತೆಂದೂ ಅದನ್ನು ವಾಪಸ್ ತರಿಸಿಯೇ ಸಿದ್ಧವೆಂದೂ ಹಾರಾಡಿದೆ. ಕರಿಯಣ್ಣನವರು ಕಾವಲಿಗೆ ನೀರು ಚಿಮುಕಿಸಿದರು.

“ಬಿಡಿ ಮೇಡಂ. ಅಲ್ಲೂ ಜನ ಕಾಯ್ತಾರಲ್ಲ, ಕೂತ್ಕೊಳ್ಳಲಿ. ನಂಗೆ ಇನ್ನೊಂದು ಹಾಕ್ಕೊಳ್ಳೋಕೆ ಬಿಟ್ರೆ ಸಾಕು.”

ನಾನು ಅಷ್ಟು ಉದಾರಿಯಲ್ಲ. ಆದರೂ ಅವರ ಮಾತಿಗೆ ಬೆಲೆ ಕೊಟ್ಟು, ಬೆಂಚನ್ನು ತಮ್ಮಲ್ಲೇ ಬಿಡುತ್ತಿದ್ದೇನೆ. ಬದಲಿಗೆ, ಇನ್ನು ಮುಂದೆ ಪರವಾನಗಿ ಕೊಡುವಾಗ ಕಸದ ಬುಟ್ಟಿ ಎಲ್ಲಿ ಎಂದು ಕೇಳುವ ಬಾಯಲ್ಲೇ ಕಾಯುವವರು ಎಲ್ಲಿ ಕೂರುತ್ತಾರೆ ಎಂದೂ ಕೇಳಿ. ಕರಿಯಣ್ಣನವರ ಎರಡನೇ ಬೆಂಚಿಗೆ ಲಿಖಿತ ಅನುಮತಿ ಕೊಡಿ. ಅದನ್ನು ತಲುಪಿಸಲು ದಯವಿಟ್ಟು ಸಿಬ್ಬಂದಿಯನ್ನು ಕಳಿಸಬೇಡಿ. ತಾವೇ ಹೋಗಿ. ಭಾನುವಾರ, ಬೆಳಗ್ಗೆ ಒಂಬತ್ತಕ್ಕೆ, ಹಸಿದುಕೊಂಡು.

ಇಂತಿ,
ಒಂದು ಹೊಸ ಮಂಡಿ, ಒಂದು ಹಳೇ ಮಂಡಿಯ
ಸೀತಾಲಕ್ಷ್ಮಿ
ಹಳೇನಗರ, ಭದ್ರಾವತಿ