ಮೊದಲ ಏಟು ಯಾರದು

3 ಆಗಸ್ಟ್ 2003, ಭಾನುವಾರ. ಸಂಜೆ 6.30

ಈಗಷ್ಟೇ ಶಿವಾಜಿನಗರದಿಂದ ಬಂದೆ. ಶೌಕತ್‌ನ ಪ್ರೆಸ್ಸಿನ ಮಹಡಿ, ಎಂದಿನ ಐವರು, ಮೇಜಿನ ಸುತ್ತ ಕೂತು ಬಾಯಲ್ಲೇ ಆಡುವ ಕಥೆಯಾಟ. ಕಥೆ ನಡೆಸಿದ್ದು ನಾನು, ಶತ್ರುವಿನ ಪಾತ್ರವೂ ನನ್ನದೇ, ಉಳಿದ ನಾಲ್ವರಿಗೆ ಒಂದೊಂದು ಪಾತ್ರ. ಇವತ್ತಿನ ಕೊನೆಯ ಕಾಳಗ ಸುಂಕದ ಕಟ್ಟೆಯ ಬಳಿ, ಕಳ್ಳನ ಜೊತೆ. ನಾಲ್ವರೂ ಸತ್ತರು. ಒಬ್ಬನೇ ಕಳ್ಳ!

ಮೊದಲೆಲ್ಲ ಯಾರ ಏಟು ಮೊದಲೆಂದು ದಾಳ ಹೇಳುತ್ತಿತ್ತು. ಮೂರು ವಾರದಿಂದ ನನ್ನ ನಿಯಮ. ಇಲ್ಲೂ ಬರೆದಿಡುತ್ತೇನೆ — ಬರೆಯುವಾಗ ಒಂದು ಸುಖ. ಒಂದು ಸುತ್ತಿನಲ್ಲಿ ಪ್ರತಿಯೊಬ್ಬರಿಗೂ ಒಂದು ಸರದಿ, ಕಳ್ಳನಿಗೂ. ಆಡಿದವರು ಮುಂದಿನವರನ್ನು ಹೆಸರಿಸಬೇಕು. ಸರದಿಯಲ್ಲಿ ಕೊನೆಗೆ ಉಳಿದವರು ಮುಂದಿನ ಸುತ್ತು ಯಾರಿಂದ ಶುರು ಎಂದು ಹೇಳಬೇಕು — ತಮ್ಮಿಂದಲೇ ಎಂದೂ ಹೇಳಬಹುದು. ಅಂದರೆ ಕೊನೆಯವರಿಗೆ ಒಂದರ ಹಿಂದೆ ಒಂದು, ಎರಡು ಏಟು. ನಾವು ಅಚ್ಚು ಹಾಕಿಸುತ್ತಿರುವ ಆಟದ ಪುಸ್ತಿಕೆಯ ಕರಡಿನಲ್ಲಿ ಈ ಮಾತನ್ನು ಮಾತ್ರ ಬಿಡಿಸಿ ಬರೆದಿಲ್ಲ. ಆಡುವವರು ಕಂಡುಕೊಳ್ಳಲಿ. ವಿವರಿಸುವುದು ಒಂದು ಬಗೆಯ ಅವಮಾನ.

ಪುಸ್ತಿಕೆಗೆ ಈ ನಿಯಮದ ಹದಿನಾಲ್ಕನೆಯ ಪುಟ ಒಂದೇ ಬಾಕಿ. ಸೆಪ್ಟೆಂಬರ್ ಒಂದಕ್ಕೆ ಮಷಿನ್ನಿಗೆ ಎಂದಿದ್ದಾನೆ ಶೌಕತ್. ಉಳಿದ ಪುಟಗಳದ್ದೆಲ್ಲ ಎಲ್ಲೋ ಓದಿದ್ದು, ಯಾರೋ ಆಡಿದ್ದು. ಈ ಒಂದು ಪುಟ ನನ್ನದು. ನಲವತ್ತೊಂಬತ್ತು ವರ್ಷದಲ್ಲಿ... ಇರಲಿ.

10 ಆಗಸ್ಟ್, ಭಾನುವಾರ. ಸಂಜೆ

ಇವತ್ತು ಆಟವಿಲ್ಲ, ಫೀಡ್‌ಬ್ಯಾಕ್ ಮಾತ್ರ. ಮದುವೆ ಕಾರ್ಡು ಕತ್ತರಿಸಿ ಉಳಿದ ದಪ್ಪ ಚೂರುಗಳನ್ನು ಹಂಚಿದ ಶೌಕತ್. ಒಂದರ ಅಂಚಿನಲ್ಲಿ ಅರ್ಧ ಗಣಪತಿ. ನಾಲ್ಕನ್ನೂ ಈ ಪುಟಕ್ಕೆ ಅಂಟಿಸಿದ್ದೇನೆ.

ಭಗವಂತರಾಯರು, ನಿವೃತ್ತ ಸ್ಟೇಷನ್ ಮಾಸ್ಟರ್, ರಾಯಚೂರು ಕಡೆಯವರು: 'ಭಾಳ ಛಲೋ ಅದ. ತಿದ್ದೋದು ಏನೂ ಇಲ್ಲ.'

ಗೌತಮಿ, ಇಂದಿರಾನಗರದಲ್ಲಿ ಯಾವುದೋ ಆಫೀಸು, ನಮ್ಮಲ್ಲಿ ಕಿರಿಯಳು: 'ಚೆನ್ನಾಗಿದೆ ಸರ್.'

ಶೌಕತ್: 'ಫಸ್ಟ್ ಕ್ಲಾಸ್. ಬೇಗ ಮ್ಯಾಟರ್ ಕೊಡಿ.'

ಅವನ ಅಕ್ಕ ಆಬಿದಾ, ಹಲಸೂರಿನ ಸ್ಕೂಲಿನಲ್ಲಿ ಗಣಿತದ ಟೀಚರ್: 'ಮೂರು ಭಾನುವಾರ. ಹನ್ನೆರಡು ಕಾಳಗ. ಹನ್ನೆರಡರಲ್ಲೂ ಮೊದಲ ಸುತ್ತಿನ ಸರದಿಯಲ್ಲಿ ಕೊನೆಗೆ ಉಳಿದದ್ದು ಶತ್ರು.'

ಹೊಗಳಿಕೆಯೂ ಅಲ್ಲ, ದೂರೂ ಅಲ್ಲ. ಲೆಕ್ಕ. ಅದೇ ಸಿಟ್ಟು ತರಿಸಿತು. ಅವರು ಆಡಲು ಕಲಿಯದಿದ್ದರೆ ನಿಯಮದ ತಪ್ಪೆ?

11 ಆಗಸ್ಟ್

ಕಚೇರಿ. ಸೇತುವೆಯ ನಕ್ಷೆ. ಹನ್ನೆರಡರಲ್ಲಿ ಹನ್ನೆರಡು.

21 ಆಗಸ್ಟ್, ಗುರುವಾರ

ಹದಿನೇಳರಂದು ಹೋಗಲಿಲ್ಲ. ಜ್ವರ ಎಂದು ಹೇಳಿಸಿದ್ದೆ. ಇವತ್ತು ಹಲಸೂರು ಕೆರೆಯ ಎದುರಿನ ಬಸ್ ಸ್ಟಾಪಿನಲ್ಲಿ ಆಬಿದಾ ಸಿಕ್ಕರು. ಕೈಯಲ್ಲಿ ಉತ್ತರಪತ್ರಿಕೆಗಳ ಕಟ್ಟು.

"ಜ್ವರ ಇಳೀತಾ ಸರ್? ನನ್ ಚೀಟಿ ಓದಿ ಬಂದಿದ್ದು ತಾನೆ?"

ನಗಲಿಲ್ಲ ನಾನು. ನಿಯಮ ಸರಿಯಾಗಿದೆ ಎಂದೆ. ಕಳ್ಳನನ್ನು ನಡುವೆಯೇ ಕರೆದುಬಿಟ್ಟರೆ ಅವನಿಗೆ ಎರಡು ಏಟು ಸಿಗುವುದಿಲ್ಲ. ಅಷ್ಟೇ ಉಪಾಯ.

"ಅದು ನಂಗೆ ಎರಡನೇ ವಾರಾನೇ ಗೊತ್ತಾಯ್ತು."

"ಮತ್ತೆ ಯಾಕೆ ಕರೀಲಿಲ್ಲ?"

"ಹೆಂಗ್ ಕರೀಲಿ ಸರ್? ಪಕ್ಕದಲ್ಲೇ ರಾಯರು ಕೂತಿರ್ತಾರೆ. ಅಷ್ಟು ದೊಡ್ಡವರನ್ನ ಬಿಟ್ಟು ಕಳ್ಳನಿಗೆ 'ಬಾಪ್ಪ, ನಿಂದಾಗ್ಲಿ ಮೊದಲು' ಅನ್ನೋಕೆ ಬಾಯಿ ಬರುತ್ತಾ? ನೀವು ಯಾರಿಂದ ಶುರು ಮಾಡಿಸಿದ್ರೂ ಸರದಿ ಸೀದಾ ರಾಯರಿಗೆ. ಆಮೇಲೆ ನಂಗೆ, ಶೌಕತ್‌ಗೆ, ಪಾಪ ಆ ಹುಡುಗಿಗೆ. ಎಲ್ಲರದ್ದೂ ಮುಗಿದ ಮೇಲೆ ಕಳ್ಳ. ಮದುವೆ ಊಟದ ಪಂಕ್ತಿ ನೋಡಿ, ಹಂಗೆ."

ನಾವು ಮರ್ಯಾದೆಯಿಂದ ಸಾಯುತ್ತಿದ್ದೇವೆ.

ಶತ್ರುವನ್ನು ನಡುವೆಯೇ ಕರೆಯಿರಿ ಎಂದು ಪುಟದಲ್ಲಿ ಒಂದು ಸಾಲು ಸೇರಿಸಿ ಎಂದರು. ಪುಸ್ತಿಕೆಯೇ ಅಪ್ಪಣೆ ಕೊಟ್ಟರೆ ಆಡುವವರ ನಾಲಿಗೆಗೆ ಧೈರ್ಯ. ಆಗುವುದಿಲ್ಲ ಎಂದೆ. ಓದುಗನನ್ನು ಕೈಹಿಡಿದು ನಡೆಸುವ ಪುಟ ನನಗೆ ಬೇಡ.

"ಹಂಗಾದ್ರೆ ಮುಂದಿನ ಸಲ ಕಥೆ ನಾನ್ ನಡೆಸ್ತೀನಿ. ನೀವು ಈ ಕಡೆ ಕೂತ್ಕೊಳ್ಳಿ. ನಿಮಗೆ ಬಾಯಿ ಬಂದ್ರೆ ಸಾಲು ಬೇಡ." ಬಸ್ ಬಂತು. ಹತ್ತಿಬಿಟ್ಟರು.

ಒಪ್ಪಿದೆನೋ ಇಲ್ಲವೋ ನೆನಪಿಲ್ಲ. ಒಪ್ಪಿರಬೇಕು.

31 ಆಗಸ್ಟ್, ಭಾನುವಾರ. ಸಂಜೆ 5

ಕಳೆದ ಭಾನುವಾರ ಆಟವಿರಲಿಲ್ಲ. ಇವತ್ತಿನದು ಹೇಗಾಯಿತೋ ಹಾಗೇ ಬರೆಯಬೇಕು.

ಕಳ್ಳನ ಕಡೆ ಆಬಿದಾ. ಈ ಕಡೆ ರಾಯರು, ಶೌಕತ್, ಗೌತಮಿ, ನಾನು. ಮೊದಲ ಸರದಿ ನನಗೇ ಕೊಟ್ಟರು, ಬೇಕೆಂದೇ. ಕತ್ತಿ ಬೀಸಿದೆ, ತಾಗಿತು. ಈಗ ಹೆಸರು ಹೇಳಬೇಕು. ಉಪಾಯ ಗೊತ್ತು, ಅದನ್ನು ಹೆಣೆದವನೇ ನಾನು. ರಾಯರು ಕನ್ನಡಕ ಒರೆಸಿಕೊಂಡು ನನ್ನತ್ತ ನೋಡಿದರು.

"ನೀವಾಗ್ಲಿ ರಾಯರೇ" — ನನ್ನದೇ ಬಾಯಿ.

ಆಬಿದಾ ಕಾಗದದ ಮೇಲೆ ಸದ್ದಿಲ್ಲದೆ ಒಂದು ಗೆರೆ ಎಳೆದರು. ಹದಿಮೂರು. ಕಳ್ಳ ಕೊನೆಗೆ ಉಳಿದ. ಎರಡೂ ಏಟು ನನಗೇ. ಸತ್ತೆ.

ಶೌಕತ್ ಮೇಜು ಕುಟ್ಟಿ ನಕ್ಕ. "ಕ್ಯಾ ಸಾಬ್, ನಿಮ್ಮ ರೂಲಿಗೆ ನೀವೇ ಔಟಾ?"

ಆಗ ಹೇಳಿದೆ, ಎಲ್ಲರೆದುರು. ಶತ್ರುವನ್ನು ಕೊನೆಗೆ ಬಿಟ್ಟರೆ ಅವನಿಗೆ ಎರಡು ಏಟು. ನಡುವೆಯೇ ಕರೆಯಬೇಕು. ಗೊತ್ತಿದ್ದೂ ನನ್ನಿಂದ ಆಗಲಿಲ್ಲ. ಹೇಳಿದ ಮೇಲೆ ನಿಯಮವೇನೂ ಸಣ್ಣದಾಗಲಿಲ್ಲ. ಆಶ್ಚರ್ಯ.

ಎರಡನೆಯ ಕಾಳಗ. ಶೌಕತ್, ಆಮೇಲೆ ನಾನು, ಆಮೇಲೆ ಗೌತಮಿ. ಈಟಿ ಎಸೆದಳು. ಉಳಿದವರು ಇಬ್ಬರು — ರಾಯರು, ಕಳ್ಳ. ದುಪಟ್ಟಾದ ತುದಿ ಸುತ್ತಿದಳು, ಬಿಚ್ಚಿದಳು.

"ರಾಯರ, ನೀವ್ ಸ್ವಲ್ಪ ತಡೀರಿ." ಆಮೇಲೆ ಆಬಿದಾ ಕಡೆ ತಿರುಗಿ, ಜೋರಾಗಿ — "ಲೇ ಕಳ್ಳಾ, ನೀ ಬಾ ಮೊದ್ಲ!"

ರಾಯರ ಕಡೆಯದೇ ಮಾತು, ಅವಳ ಬಾಯಲ್ಲಿ ಮೊದಲ ಸಲ. ರಾಯರ ಮುಖ ಒಂದು ಕ್ಷಣ ಗಂಟಾಯಿತು. ಕಳ್ಳ ಹೊಡೆದ, ಶೌಕತ್‌ಗೆ, ಒಂದೇ ಏಟು. ಇನ್ನು ಉಳಿದವರು ರಾಯರೊಬ್ಬರೇ. ಹೊಡೆದರು. ಮುಂದಿನ ಸುತ್ತು ಯಾರಿಂದ?

"ನನ್ನಿಂದನ!" ಎಂದು ಕುರ್ಚಿಯಿಂದ ಎದ್ದೇ ನಿಂತರು. ಎರಡನೆಯ ಏಟಿಗೆ ಕಳ್ಳ ಬಿದ್ದ. "ಅಲ್ರೀ, ಇಷ್ಟ್ ದಿನ ನನಗ ಮೊದ್ಲ ಕೊಟ್ಟು ಕೊಟ್ಟು ಹಾಳ ಮಾಡಿದ್ರಲ್ರೀ! ಏನವ್ವಾ ಗೌತಮಿ, ಎಲ್ಲಿತ್ತು ಈ ಬಾಯಿ?"

ಗೌತಮಿಗೆ ಕಿವಿಯವರೆಗೆ ಕೆಂಪು.

ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತೆ, ಎದೆ ತುಂಬಿತ್ತು. ಹೆಮ್ಮೆ ಎನ್ನಲು ಸಂಕೋಚ. ಬೇರೆ ಪದ ಹುಡುಕಿದೆ, ಸಿಗಲಿಲ್ಲ. ಒಂದು ನಿಯಮ ಒಬ್ಬಳ ಬಾಯಿ ಬಿಡಿಸಿತು. ನಾನು ಬರೆದ ನಿಯಮ. ಪೂರ್ತಿ ನನ್ನದಲ್ಲ.

1 ಸೆಪ್ಟೆಂಬರ್, ಸೋಮವಾರ. ಬೆಳಿಗ್ಗೆ 10, ಪ್ರೆಸ್ಸಿನಲ್ಲಿ

ಕಚೇರಿಗೆ ರಜೆ ಹಾಕಿದೆ. ಹದಿನಾಲ್ಕನೆಯ ಪುಟ ಮುಗಿಯಿತು. ಕೊನೆಗೆ ಆಬಿದಾ ಕೇಳಿದ ಸಾಲು: 'ಶತ್ರುವನ್ನು ಕೊನೆಗೆ ಉಳಿಸಬೇಡಿ. ಹಿರಿಯರು ಕಾಯುತ್ತಾರೆ.' ಓದುಗನನ್ನು ಕೈಹಿಡಿದು ನಡೆಸುವ ಸಾಲೇ. ಇರಲಿ, ಚೆನ್ನಾಗಿದೆ.

"ರೂಲ್ ಯಾರದು ಅಂತ ಕೆಳಗೆ ಹಾಕ್ಬೇಕಲ್ಲ ಸಾಬ್," ಎಂದು ಶೌಕತ್ ಪ್ರೂಫ್ ಮುಂದಿಟ್ಟು ನಿಂತಿದ್ದಾನೆ. ಮಷಿನ್ ಆಗಲೇ ಓಡುತ್ತಿದೆ, ಬೇರೆ ಯಾರದೋ ಕೆಲಸ. ಇಲ್ಲಿ ಮೊದಲು ಬರೆದು ನೋಡುತ್ತೇನೆ, ನನ್ನ ಹೆಸರು ಎರಡನೆಯದಾದರೆ ಹೇಗೆ ಕಾಣುತ್ತದೆಂದು.

ಸರದಿಯ ನಿಯಮ: ಆಬಿದಾ, ಮತ್ತು